‘ಇಲ್ಲ’ದ ಕೆಳಗೆ ಎರಡು ಗೀಟು

ಮಾರ್ಚ್ 3, ಸೋಮವಾರ

ಇವತ್ತು ಲ್ಯಾಬಿಗೆ ಟೆಸ್ಟಿಗೆ ಬಂದಿದ್ದು ನಲವತ್ತೊಂದು ಬಾಟಲಿ. ಸೋಮವಾರ ಬಂತೂಂದ್ರೆ ಊರಿನ ನೀರೆಲ್ಲಾ ನನ್ನ ಟೇಬಲ್ ಮೇಲೇ. ಒಂಬತ್ತಕ್ಕೆ ಕೂತವಳು ಎದ್ದಿದ್ದು ಒಂದೂವರೆಗೆ. ಬೆನ್ನು ಹಲಗೆ ಆಗಿತ್ತು.

ಮಧ್ಯಾಹ್ನ ಒಬ್ಬ ಹೋಟೆಲ್ ಮಾಲೀಕ ರಿಪೋರ್ಟ್ ಹಿಡ್ಕೊಂಡು ಬಂದ. “ರೋಗಾಣು ಪತ್ತೆಯಾಗಿಲ್ಲ” ಅಂತ ಯಾಕೆ ಬರೆದಿದೀರಿ, ಸುಮ್ಮನೆ “ಇಲ್ಲ” ಅಂತ ಬರೆದುಕೊಡಿ, ಫ್ರೇಮ್ ಹಾಕಿಸಿ ಗೋಡೆಗೆ ತೂಗಿಹಾಕ್ತೀನಿ ಅಂತ. ಹೇಳಿದೆ — ನೀವು ಕೊಟ್ಟಿದ್ದು ಒಂದು ಬಾಟಲಿ, ನಾನು ನೋಡಿದ್ದು ಆ ಒಂದು ಬಾಟಲಿ, ನಿಮ್ಮ ಟ್ಯಾಂಕಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಅವನಿಗೆ ಸಿಟ್ಟು ಬಂತು. ಬರಲಿ. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದೇ ಮಾತು ಹೇಳ್ತಿದೀನಿ. ಇನ್ನು ನಾಲ್ಕು ವರ್ಷ ಹೇಳಿ ರಿಟೈರ್ ಆಗ್ತೀನಿ.

ಪಕ್ಕದ ಟೇಬಲಿನವಳು ರಿಜಿಸ್ಟರಿನಲ್ಲಿ ಮತ್ತೆ ಡಿಟ್ಟೋ ಹಾಕಿದ್ಳು. ಮೇಲಿನ ಬಾಟಲಿಗೆ ಏನು ಬರೆದಿದೆಯೋ ಅದರ ಕೆಳಗೆ ಎರಡು ಗೀಟು, ಅದರ ಕೆಳಗೆ ಇನ್ನೆರಡು... ಹದಿನೇಳು ಸಾಲು! ಎಲ್ಲಾ ಹೊಡೆದುಹಾಕಿಸಿ ಪೂರ್ತಿ ಬರೆಸಿದೆ. ಒಂದೊಂದು ಬಾಟಲಿಗೂ ಅದರದ್ದೇ ಮಾತು, ಲ್ಯಾಬಿನ ನಿಯಮ. ಮುಖ ಊದಿಸ್ಕೊಂಡು ಬರೆದ್ಳು.

ಸಂಜೆ ಅವರ ಫೋನ್, ಲಿಫ್ಟ್ ರಿಪೇರಿ ಮಾಡೋ ನಮ್ಮ ಲಿಫ್ಟಿನವರದ್ದು. ಶನಿವಾರ ಹನ್ನೊಂದಕ್ಕೆ ರಿಜಿಸ್ಟ್ರಾರ್ ಆಫೀಸಿಗೆ ಹೋಗೋಣ್ವಾ ಅಂತ. ನಮ್ಮ ಮದುವೆ ಫಾರಂ ಕೊಟ್ಟರೆ ಮೂವತ್ತು ದಿನ ನೋಟಿಸ್ ಬೋರ್ಡಿನಲ್ಲಿ ಹಾಕ್ತಾರಂತೆ, ಆಮೇಲೆ ದಿನ ಕೊಡ್ತಾರಂತೆ. ಆಯ್ತು ಅಂದೆ. ಫೋನ್ ಇಟ್ಟ ಮೇಲೆ ಕನ್ನಡಿ ನೋಡಿಕೊಂಡೆ. ಐವತ್ನಾಲ್ಕು ವರ್ಷದ ಹೆಂಗಸು, ನಾಚಿಕೆ ಆಗಬೇಕು. ಆಗ್ತಿಲ್ಲ.

ಮಾರ್ಚ್ 6, ಗುರುವಾರ

ಅತ್ತೆ ಇವತ್ತು ಲಿಫ್ಟಿನವರ ಮಂಡಿಗೋಸ್ಕರ ಪ್ರಾರ್ಥನೆ ಮಾಡಿದ್ರು. ಅವರ ಎದುರಿಗೇ. ಕಿಟಕಿ ಹತ್ರ ಕುರ್ಚಿ ಎಳ್ಕೊಂಡು, ಕಣ್ಣು ಮುಚ್ಕೊಂಡು, ತುಟಿ ಅಲ್ಲಾಡಿಸ್ತಾ ಹತ್ತು ನಿಮಿಷ. ಲಿಫ್ಟಿನವರು ಕಾಲು ಚಾಚ್ಕೊಂಡು ಕಾದರು. ಮುಗಿದ ಮೇಲೆ, ಯಾರ ಹತ್ರ ಕೇಳಿದ್ರಿ ಅಮ್ಮ ಅಂದ್ರು. ನಿನಗ್ಯಾಕೆ, ಮಂಡಿ ವಾಸಿಯಾದ್ರೆ ಸಾಲದಾ ಅಂದ್ರು ಅತ್ತೆ.

“ಊರಿನ ಎಲ್ಲಾ ಕಟ್ಟಡದ ತುದಿಗೂ ಹತ್ತಿ ನೋಡಿದೀನಿ ಅಮ್ಮ. ಮೇಲೆ ಇರೋದು ಒಂದು ಮೋಟರು, ನಾಲ್ಕು ಪಾರಿವಾಳ.”

“ಆ ಪಾರಿವಾಳಕ್ಕೆ ಕಾಳು ಹಾಕೋನು ಯಾರು ಅಂತ ನೋಡಿದ್ಯಾ?”

“ನಾನೇ.”

ಅತ್ತೆಗೆ ಎಂಬತ್ತೆರಡು. ಹೊಟ್ಟೆ ಹಿಡ್ಕೊಂಡು ನಕ್ಕರು, ಕೆಮ್ಮು ಬರೋವರೆಗೂ. ಅವರ ಮಗ, ಅಂದ್ರೆ ನಮ್ಮವರು, ಹೋಗಿ ಏಳು ವರ್ಷ. ಮಕ್ಕಳಿಲ್ಲ. ನಾವಿಬ್ಬರೇ ಇದೀವಿ ಈ ಐದನೇ ಮಹಡೀಲಿ. ಇವರನ್ನ ಮದುವೆ ಮಾಡ್ಕೋ ಅಂತ ಮೊದಲು ಬಾಯಿ ಬಿಟ್ಟು ಹೇಳಿದ್ದೂ ಅತ್ತೇನೇ. ನನಗೂ ಮಾತಾಡೋಕೆ ಜನ ಬೇಕಲ್ಲ ಅಂತ ಕಾರಣ ಬೇರೆ ಕೊಟ್ಟರು.

ಹೋದ ವರ್ಷ ನಮ್ಮ ಲ್ಯಾಬಿನ ಲಿಫ್ಟ್ ರಿಪೇರಿಗೆ ಬಂದವರು ಇವರು. ಕ್ಯಾಂಟೀನಿನಲ್ಲಿ ಒಂದೇ ಟೇಬಲ್ ಸಿಕ್ತು. “ಕಾಫಿನಾ ಟೀನಾ, ನಿಮಗೇನು ಹೇಳಲಿ?” ಅಂತ ಕೇಳಿದ್ರು. ನನ್ನನ್ನ ಹಾಗೆ ಯಾರೂ ಕೇಳಿರಲಿಲ್ಲ. ನಮ್ಮವರು ಒಳ್ಳೇ ಮನುಷ್ಯ, ಒಂದು ದಿನ ಗದರಿದವರಲ್ಲ. ಆದ್ರೆ ಎಲ್ಲಿ ಹೋದರೂ “ಒಂದು ಕಾಫಿ, ಅವಳಿಗೂ ಅದೇ” ಅನ್ನೋರು. ಫಾರಂ ತುಂಬುವಾಗಲೂ ಅಷ್ಟೇ. ನಂಬಿಕೆ, ಹವ್ಯಾಸ, ಅಭಿಪ್ರಾಯ ಎಲ್ಲಾ ಅವರ ಸಾಲಿನಲ್ಲಿ, ನನ್ನ ಸಾಲಿನಲ್ಲಿ ಎರಡು ಗೀಟು. ಅವರು ದೇವರನ್ನ ನಂಬೋರು, ಹಾಗಾಗಿ ನಾನೂ ನಂಬೋಳು. ಇಪ್ಪತ್ತಾರು ವರ್ಷ ಸಕ್ಕರೆ ಹಾಕಿದ ಕಾಫಿ ಕುಡಿದೆ. ನನಗೆ ಸಕ್ಕರೆ ಸೇರಲ್ಲ ಅಂತ ಗೊತ್ತಾಗಿದ್ದು ಅವರು ಹೋದ ಮೇಲೆ.

ಶನಿವಾರಕ್ಕೆ ಹಸಿರು ಸೀರೆ ಇಸ್ತ್ರಿಗೆ ಕೊಟ್ಟಿದೀನಿ.

ಮಾರ್ಚ್ 8, ಶನಿವಾರ

ಫಾರಂ ನನ್ನ ಬ್ಯಾಗಿನಲ್ಲಿದೆ. ಹರಿದುಹಾಕೋಣ ಅನ್ನಿಸ್ತು. ಹರೀಲಿಲ್ಲ.

ಅರ್ಜೆಂಟ್ ಸ್ಯಾಂಪಲ್ ಒಂದು ಬಂದು ಇಪ್ಪತ್ತು ನಿಮಿಷ ತಡ ಆಯ್ತು. ನಾನು ಓಡಿಕೊಂಡು ಹೋಗೋಷ್ಟರಲ್ಲಿ ಲಿಫ್ಟಿನವರು ಕ್ಯೂನಲ್ಲಿ ನಿಂತು, ಟೋಕನ್ ತಗೊಂಡು, ಫಾರಂ ಪೂರ್ತಿ ತುಂಬಿಟ್ಟಿದ್ರು. ಪಾಪ, ನನಗೆ ಸುಲಭ ಆಗಲಿ ಅಂತ. ಮುತ್ತು ಪೋಣಿಸಿದ ಹಾಗೆ ಅಕ್ಷರ. ನನ್ನ ಹುಟ್ಟಿದ ದಿನ, ಮನೆ ನಂಬರ್, ಹುದ್ದೆ, ಎಲ್ಲಾ ನೆನಪಿಟ್ಟುಕೊಂಡು ಬರೆದಿದಾರೆ. ಓದ್ತಾ ಓದ್ತಾ ಖುಷಿ ಆಗ್ತಿತ್ತು. ಆರನೇ ಕಾಲಂ: ದೇವರಲ್ಲಿ ನಂಬಿಕೆ. ವರನ ಸಾಲಿನಲ್ಲಿ “ಇಲ್ಲ”. ಅದರ ಕೆಳಗೆ ವಧುವಿನ ಸಾಲಿನಲ್ಲಿ...

ಎರಡು ಗೀಟು. ಮೈಯೆಲ್ಲಾ ಉರಿದುಹೋಯ್ತು.

ನನ್ನದು “ಇಲ್ಲ” ಅಂತ ಯಾರು ಹೇಳಿದ್ದು ಅಂತ ಕೇಳಿದೆ. ಅವರಿಗೆ ಆಶ್ಚರ್ಯ. ನೀವು ಪ್ರಾರ್ಥನೆ ಮಾಡಲ್ಲ, ಎಲ್ಲಿಗೂ ಹೋಗಲ್ಲ, ಮತ್ತೆ ಇಲ್ಲ ತಾನೆ ಅಂದ್ರು. ನನ್ನದು “ಗೊತ್ತಿಲ್ಲ” ಅಂದೆ. ಎರಡೂ ಒಂದೇ ಬಿಡಿ ಅಂತ ನಕ್ಕರು. ಒಂದೇ ಅಲ್ಲ ಅಂದೆ. ಆಗ ಅವರು ಆ ಮಾತು ಆಡಿದ್ರು —

“ಗೊತ್ತಿಲ್ಲ ಅನ್ನೋದು ಎರಡು ಮಹಡಿ ಮಧ್ಯೆ ಸಿಕ್ಕಿಕೊಂಡ ಲಿಫ್ಟ್ ಇದ್ದ ಹಾಗೆ. ಇಲ್ಲ ಅನ್ನೋಕೆ ಧೈರ್ಯ ಸಾಲದವರು ಗೊತ್ತಿಲ್ಲ ಅಂತಾರೆ.”

ಕೌಂಟರಿನ ಗುಮಾಸ್ತ ಕಿಸಕ್ಕನೆ ನಕ್ಕ. ಫಾರಂ ಮಡಚಿ ಬ್ಯಾಗಿಗೆ ಹಾಕ್ಕೊಂಡು ಬಂದುಬಿಟ್ಟೆ. ಹಸಿರು ಸೀರೆ ಉಟ್ಕೊಂಡು ಬಸ್ಸಿನಲ್ಲಿ ನಿಂತ್ಕೊಂಡು ಬಂದೆ.

ಅದೇ ದಿನ, ಸಂಜೆ ಏಳು

ಫೋನ್ ಮಾಡಿದ್ರು. ಹೇಳಿದೆ — ನಮ್ಮವರ “ಹೌದು” ಕೆಳಗಿನ ಗೀಟಾಗಿ ಇಪ್ಪತ್ತಾರು ವರ್ಷ ಇದ್ದೆ. ಈಗ ನಿಮ್ಮ “ಇಲ್ಲ”ದ ಕೆಳಗಿನ ಗೀಟಾಗಲಾರೆ. ಮದುವೆ ಬೇಡ.

ಸರಿ ಅಂದ್ರು.

ಸರಿ ಅಂದೇಬಿಟ್ಟರು. ಜಗಳ ಆಡ್ತಾರೆ ಅಂತಿದ್ದೆ.

ಮಾರ್ಚ್ 19, ಬುಧವಾರ

ಹತ್ತು ದಿನ ಬರೆದಿಲ್ಲ. ಬರೆಯೋಕೆ ಏನಿತ್ತು? ಬಾಟಲಿ, ಪ್ಲೇಟು, ಬಸ್ಸು. ಅವರು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಕ್ಯಾಂಟೀನಿನಲ್ಲಿ ಆ ಟೇಬಲ್ ಬಿಟ್ಟು ಬೇರೆ ಕಡೆ ಕೂತೆ, ಅಲ್ಲಿ ಫ್ಯಾನ್ ಇಲ್ಲ.

ಅತ್ತೆಗೆ ಕಾರಣ ಹೇಳಲೇಬೇಕಾಯ್ತು. ಪೂರ್ತಿ ಕೇಳಿಸ್ಕೊಂಡ್ರು. ಅವರಿಗೆ ಬೇಜಾರಾಗುತ್ತೆ ಅಂದ್ಕೊಂಡಿದ್ದೆ, ನಂಬೋಳು ಅಂತ ತಿಳ್ಕೊಂಡ ಸೊಸೆ ನಂಬೋಳಲ್ಲ ಅಂತ. ಅವರು ಕನ್ನಡಕ ಒರೆಸಿಕೊಂಡು, ನಾನು ದಿನಕ್ಕೆ ಹತ್ತು ನಿಮಿಷ ದೇವರನ್ನ ನೆನೀತೀನಿ, ನೀವಿಬ್ರೂ ನೋಡಿದ್ರೆ ಹಗಲಿಡೀ ಅವನ ಬಗ್ಗೇನೇ ಗುದ್ದಾಡ್ತೀರಲ್ಲೇ ಅಂದ್ರು.

ನಗು ಬಂತು. ನಕ್ಕರೆ ಸೋತ ಹಾಗಾಗುತ್ತೆ ಅಂತ ಅಡುಗೆಮನೆಗೆ ಹೋಗಿ ನಕ್ಕೆ.

ಆದ್ರೆ ಸಂಕಟ ಇದೆ. ಲಿಫ್ಟಿನವರಿಲ್ಲದೆ ಇರಬಲ್ಲೆ, ಇದ್ದು ತೋರಿಸಿದೀನಿ. ಇರೋಕೆ ಇಷ್ಟ ಇಲ್ಲ.

ಮಾರ್ಚ್ 23, ಭಾನುವಾರ

ಇವತ್ತಿನದನ್ನ ಕ್ರಮವಾಗಿ ಬರೀತೀನಿ.

ಬೆಳಗ್ಗೆ ಹತ್ತೂಕಾಲಿಗೆ ಅತ್ತೆ ಹಾಲು ತರ್ತೀನಿ ಅಂತ ಹೊರಟರು. ಮನೇಲಿ ಹಾಲು ಇತ್ತು. ಇದೆ ಅಂದ್ರೂ ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಐದು ನಿಮಿಷಕ್ಕೆ ವಾಚ್‌ಮನ್ ಏದುಸಿರು ಬಿಡ್ತಾ ಮೆಟ್ಟಿಲು ಹತ್ತಿ ಬಂದ. ಲಿಫ್ಟ್ ಮೂರು, ನಾಲ್ಕರ ಮಧ್ಯೆ ನಿಂತಿದೆ, ಒಳಗೆ ಅಮ್ಮ ಇದಾರೆ ಅಂತ. ಓಡಿದೆ. ಬಾಗಿಲಿಗೆ ಬಾಯಿಟ್ಟು ಕೂಗಿದೆ. ನನಗೇನೂ ಆಗಿಲ್ಲ, ಬ್ಯಾಗ್ ಹಾಸ್ಕೊಂಡು ಕೂತಿದೀನಿ ಅಂತ ಒಳಗಿಂದ ಉತ್ತರ. ಕಂಪನಿಗೆ ಫೋನ್ ಮಾಡಿದ್ರೆ ಎರಡು ಗಂಟೆ ಆಗುತ್ತೆ ಅಂದ್ರು.

ಆಗ ಅಭಿಮಾನ ಗಿಭಿಮಾನ ಎಲ್ಲಾ ಎಲ್ಲಿ ಹೋಯ್ತೋ. ಅವರಿಗೆ ಫೋನ್ ಮಾಡಿ “ಅತ್ತೆ ಲಿಫ್ಟಿನಲ್ಲಿ” ಅಂದೆ ಅಷ್ಟೇ. ಎಂಟು ನಿಮಿಷಕ್ಕೆ ಬಂದ್ರು, ಮನೇಲಿ ಹಾಕೋ ಚಪ್ಪಲೀಲೇ. ಮಂಡಿ ನೋವು ಇಟ್ಕೊಂಡು ಏಳು ಮಹಡಿ ಹತ್ತಿ ತಾರಸಿ ಮೇಲಿನ ಮೋಟರ್ ರೂಮಿಗೆ ಹೋದ್ರು. ನಾನೂ ಹಿಂದೇನೇ ಹೋದೆ.

ವಾಚ್‌ಮನ್ ಲಿಫ್ಟಿನ ಮೇನ್ ಸ್ವಿಚ್ ಆಗಲೇ ತೆಗೆದಿದ್ದ. ಕರೆಂಟ್ ಇಲ್ಲ ಸಾರ್, ನಾನೇ ತೆಗೆದಿದೀನಿ ಅಂದ. ಇವರು ಅವನ ಮಾತಿಗೆ ತಲೆಯಾಡಿಸಿದ್ರು, ಆದ್ರೆ ಯಾವುದನ್ನೂ ಮುಟ್ಟಲಿಲ್ಲ. ಜೇಬಿನಿಂದ ಟೆಸ್ಟರ್ ತೆಗೆದು, ಮೋಟರ್ ಬಿಟ್ಟು, ಗೋಡೆಯ ಲೈಟಿನ ಪಾಯಿಂಟಿಗೆ ಹಚ್ಚಿದ್ರು. ಉರೀತು. ಆಮೇಲೆ ಮೋಟರಿನ ತಂತಿಗೆ ಹಚ್ಚಿದ್ರು. ಉರೀಲಿಲ್ಲ. ಮತ್ತೆ ಬಂದು ಗೋಡೆಗೆ ಹಚ್ಚಿದ್ರು. ಉರೀತು. ಅದಾದ ಮೇಲೇ ಬ್ರೇಕ್ ಸಡಿಲಿಸಿ ದೊಡ್ಡ ಚಕ್ರ ಕೈಯಲ್ಲಿ ತಿರುಗಿಸಿದ್ದು.

ಅತ್ತೆ ಮೂರನೇ ಮಹಡೀಲಿ ರಾಣಿ ಹಾಗೆ ಇಳಿದರು. ಪ್ರಾರ್ಥನೆ ಮಾಡ್ತಿದ್ದೆ, ಬಂದೆ ನೋಡು ನೀನು ಅಂತ ಅವರ ಗಲ್ಲ ಸವರಿದ್ರು. ಇವರು ವಾದ ಮಾಡಲಿಲ್ಲ. ಅತ್ತೇನ ಪಕ್ಕದ ಮನೆಯವರು ಕೂರಿಸ್ಕೊಂಡು ಟೀ ಕೊಟ್ಟರು. ಇವರು ಟೂಲ್ಸ್ ತರೋಕೆ ಮತ್ತೆ ಮೇಲೆ ಹೋದ್ರು, ನಾನೂ ಹೋದೆ. ತಾರಸಿ ಮೆಟ್ಟಿಲ ಮೇಲೆ ಕೂತ್ವಿ, ಮಧ್ಯೆ ಒಬ್ಬರು ಕೂರೋಷ್ಟು ಜಾಗ ಬಿಟ್ಟು.

ಗೋಡೆಗೆ ಯಾಕೆ ಹಚ್ಚಿ ನೋಡಿದ್ರಿ ಅಂತ ಕೇಳಿದೆ. ಟೆಸ್ಟರೇ ಕೆಟ್ಟಿದ್ರೆ, ಅದು ಉರೀಲಿಲ್ಲ ಅಂತ ಕರೆಂಟ್ ಇಲ್ಲ ಅನ್ನೋಕಾಗಲ್ಲ ಅಂದ್ರು. ಕರೆಂಟ್ ಇದೆ ಅಂತ ಗೊತ್ತಿರೋ ಜಾಗದಲ್ಲಿ ಮೊದಲು ಉರೀಬೇಕು. ನನಗೆ ಕುಣಿಯೋ ಹಾಗಾಯ್ತು. ನಮ್ಮ ಲ್ಯಾಬಿನಲ್ಲೂ ಇದೇ! ರೋಗಾಣು ಇರೋದು ಖಾತ್ರಿ ಇರೋ ನೀರನ್ನ ಒಂದು ಪ್ಲೇಟಿಗೆ, ಅಂದ್ರೆ ರೋಗಾಣು ಬೆಳೆಸೋ ಗಾಜಿನ ತಟ್ಟೆಗೆ, ಹಾಕಿಡ್ತೀವಿ. ಅದರಲ್ಲಿ ಬೆಳೆದರೇನೇ ಮಿಕ್ಕ ಪ್ಲೇಟುಗಳ ಮಾತಿಗೆ ಬೆಲೆ. ಒಂದು ವರ್ಷ ಜೊತೆಗೆ ಕಾಫಿ ಕುಡಿದಿದೀವಿ, ಈ ವಿಷಯ ಮಾತಾಡೇ ಇಲ್ಲ.

ಆಮೇಲೆ ನಾನೇ ಹೇಳಿದೆ. ಹತ್ತೊಂಬತ್ತು ವರ್ಷದ ಹಿಂದಿನದು, ಯಾರಿಗೂ ಹೇಳಿರಲಿಲ್ಲ. ಒಂದು ಶಾಲೆಯ ಹಾಸ್ಟೆಲ್ ಬಾವಿ ನೀರು. ಪ್ಲೇಟಿನಲ್ಲಿ ಏನೂ ಬೆಳೆದಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಫೈಲಿಗೆ ಒಂದು ಮಾತು ಸಾಕು ಅಂದ್ರು, “ಇಲ್ಲ” ಅಂತ ಬರೆದುಕೊಟ್ಟೆ. ಮುಂದಿನ ವಾರ ಹನ್ನೊಂದು ಹುಡುಗಿಯರು ಆಸ್ಪತ್ರೇಲಿ. ಎಲ್ಲರೂ ವಾಸಿಯಾದ್ರು, ಒಬ್ಬಳಿಗೆ ಮೂರು ವಾರ ಹಿಡೀತು. ದಿನಾ ಹೋಗಿ ಆ ವಾರ್ಡಿನ ಹೊರಗೆ ಕೂತಿದ್ದೆ.

“ಧೈರ್ಯ ಸಾಲದೆ ಗೊತ್ತಿಲ್ಲ ಅನ್ನೋಳಲ್ಲ ನಾನು. ಒಂದು ಸಲ ಇಲ್ಲ ಅಂದು ನೋಡಿದೀನಿ.”

ಅವರು ಟೆಸ್ಟರನ್ನ ಕೈಯಲ್ಲಿ ತಿರುಗಿಸ್ತಾ ಕೂತ್ರು. ಆಮೇಲೆ ನಿಧಾನಕ್ಕೆ, ನಾನೂ ಟೆಸ್ಟ್ ಮಾಡಿದೀನಿ ಅಂದ್ರು. ಅವರ ಹೆಂಡತಿ ಕಾಯಿಲೆ ಬಿದ್ದಾಗ ನಲವತ್ತು ದಿನ, ಬೆಳಗ್ಗೆ ಐದಕ್ಕೆ ಆಸ್ಪತ್ರೆ ತಾರಸಿ ಮೇಲೆ ನಿಂತು, ದೇವರನ್ನ ಬಾಯಿಬಿಟ್ಟು ಕೇಳಿದ್ರಂತೆ. ಉಳಿಸು ಅಂತ. ಆಮೇಲಾಮೇಲೆ, ಆಗಲ್ಲ ಅಂತಲಾದ್ರೂ ಒಂದು ಮಾತು ಹೇಳು ಅಂತ. ನಲವತ್ತೊಂದನೇ ದಿನ ಆಕೆ ಹೋದ್ರು.

“ಮೊದಲು ಸಿಟ್ಟು ಬಂತು. ಎಷ್ಟೋ ದಿನ ಆದ್ಮೇಲೆ ಹೊಳೀತು, ಯಾರೂ ಇಲ್ಲದ ಮನೆ ಬಾಗಿಲು ಬಡೀತಿದ್ದೆ ನಾನು ಅಂತ. ಅವತ್ತು ಮನಸ್ಸು ಹಗುರಾಯ್ತು. ಅವಳನ್ನ ಯಾರೂ ನನ್ನಿಂದ ಕಿತ್ಕೊಳ್ಳಲಿಲ್ಲ.”

ನಾನು ಇಷ್ಟು ದಿನ ಅವರ “ಇಲ್ಲ” ಬರೀ ಜಂಬ ಅಂದ್ಕೊಂಡಿದ್ದೆ. ಪಾರಿವಾಳದ ಜೋಕಿನ ಹಿಂದೆ ಇದು ಇತ್ತು. ನಾಚಿಕೆ ಆಯ್ತು, ಈ ಸಲ ನಿಜವಾಗಿ. ಆದ್ರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ಬಾಯಿ ತಪ್ಪಿ ಕೇಳಿಬಿಟ್ಟೆ — ಆ ವಿಷಯದಲ್ಲಿ ಟೆಸ್ಟರ್ ಸರಿ ಇದೆ ಅಂತ ಯಾವ ಗೋಡೆಗೆ ಹಚ್ಚಿ ನೋಡಿದ್ರಿ?

ಕೇಳಿದ ಮೇಲೆ ನಾಲಿಗೆ ಕಚ್ಕೊಂಡೆ. ಅವರು ನನ್ನ ಕಡೆ ನೋಡಿದ್ರು, ತಾರಸಿ ಕಡೆ ನೋಡಿದ್ರು, ತಲೆ ಕೆರ್ಕೊಂಡ್ರು.

“ಅದು... ಗೊತ್ತಿಲ್ಲ.”

ಇಬ್ಬರಿಗೂ ನಗು. ಕಣ್ಣಲ್ಲಿ ನೀರು ಬರೋವರೆಗೂ ನಕ್ವಿ, ಕೆಳಗಿಂದ ವಾಚ್‌ಮನ್ ಏನಾಯ್ತು ಸಾರ್ ಅಂತ ಕೂಗಿದ. ನಗು ನಿಂತ ಮೇಲೆ ಅವರು ಹೇಳಿದ್ದನ್ನ ಇದ್ದ ಹಾಗೇ ಬರೆದಿಡ್ತೀನಿ.

“ಗೊತ್ತಾ ಅಂತ ಕೇಳಿದ್ರೆ ನಾನೂ ಗೊತ್ತಿಲ್ಲ ಅನ್ನಬೇಕು, ಒಪ್ಪಿದೆ. ಆದ್ರೆ ನಂಬ್ತೀಯಾ ಅಂತ ಕೇಳಿದ್ರೆ, ಇಲ್ಲ. ಅದರ ಮೇಲೇ ನಾನು ಬದುಕ್ತಿರೋದು. ನೀವು ಇನ್ನೂ ಪ್ಲೇಟ್ ನೋಡ್ತಾ ಕೂತಿದೀರಿ. ನಾನು ನೋಡಿ ಎದ್ದು ಬಂದೆ. ಎರಡೂ ಒಂದೇ ಅಂದಿದ್ದು ನನ್ನ ತಪ್ಪು. ನಿಮ್ಮನ್ನ ಕೇಳದೆ ಗೀಟು ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು.”

ಮಧ್ಯದ ಜಾಗಕ್ಕೆ ನಾನೇ ಸರಿದು ಕೂತೆ.

ಮಾರ್ಚ್ 24, ಸೋಮವಾರ

ಲಿಫ್ಟ್ ಪೂರ್ತಿ ಚೆಕ್ ಮಾಡಿ ವಾಚ್‌ಮನ್ ಪುಸ್ತಕದಲ್ಲಿ ಬರೆದು ಹೋಗಿದಾರೆ: “ದೋಷ ಪತ್ತೆಯಾಗಿಲ್ಲ.” ನನ್ನ ಮಾತು ಕದ್ದಿದಾರೆ.

ದೋಷವೇ ಇಲ್ಲದ ಲಿಫ್ಟ್ ನಿಂತಿದ್ದು ಹೇಗೆ? ಒಳಗೆ ಒಂದು ಕೆಂಪು ಬಟನ್ ಇದೆ, ಒತ್ತಿದ್ರೆ ನಿಲ್ಲುತ್ತೆ. ಅತ್ತೇನ ಕೇಳಿದೆ. ಕೆಂಪೋ ಹಸಿರೋ, ನನಗೇನು ಗೊತ್ತು ಅಂತ ಕಣ್ಣು ಮುಚ್ಕೊಂಡು ಪ್ರಾರ್ಥನೆಗೆ ಕೂತುಬಿಟ್ರು. ತುಟಿ ಅಲ್ಲಾಡ್ತಿರಲಿಲ್ಲ, ನಗು ತಡ್ಕೊಳ್ತಿದ್ರು.

ಮಾರ್ಚ್ 29, ಶನಿವಾರ

ಹೊಸ ಫಾರಂ. ಹಸಿರು ಸೀರೆ. ಅವರ ಸಾಲು ಅವರು ಬರೆದ್ರು, ಪೆನ್ನು ನನ್ನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಕಡೆ ಮುಖ ಮಾಡಿ ನಿಂತ್ರು, ಪರೀಕ್ಷೆ ಹಾಲಿನಲ್ಲಿ ನಿಂತ ಹಾಗೆ. ಆರನೇ ಕಾಲಮ್ಮಿನಲ್ಲಿ ಅವರದ್ದು “ಇಲ್ಲ”. ಅದರ ಕೆಳಗೆ ನನ್ನದು, ದಪ್ಪ ಅಕ್ಷರದಲ್ಲಿ, “ಗೊತ್ತಿಲ್ಲ”.

ಗುಮಾಸ್ತ ಅದೇ ಕಿಸಕ್ ನಗುವಿನವನು. ಗೊತ್ತಿಲ್ಲ ಅಂತ ಬರೆಯೋ ಹಾಗಿಲ್ಲ ಮೇಡಂ, ಇದೆ ಅನ್ನಿ, ಇಲ್ಲಾ ಇಲ್ಲ ಅನ್ನಿ, ಈ ವಯಸ್ಸಿಗೂ ತೀರ್ಮಾನ ಆಗಿಲ್ವಾ ಅಂದ. ನಾನು ಬಾಯಿ ತೆಗೆಯೋದ್ರೊಳಗೆ ಲಿಫ್ಟಿನವರು ಮುಂದೆ ಬಂದ್ರು.

“ಅದೇ ಅವರ ತೀರ್ಮಾನ. ನನ್ನ ಉತ್ತರ ತಗೊಂಡಿದೀರಲ್ಲ, ಅವರದ್ದೂ ತಗೊಳ್ಳಿ. ಇಲ್ಲಾಂದ್ರೆ ನಾನು ಇಲ್ಲಿಂದ ಕದಲಲ್ಲ.”

ಹಿಂದಿನ ಕ್ಯೂ ಗೊಣಗೋಕೆ ಶುರು ಮಾಡ್ತು. ಒಳಗಿಂದ ರಿಜಿಸ್ಟ್ರಾರ್ ಬಂದ್ರು, ಬಿಳಿ ಕೂದಲಿನ ಹೆಂಗಸು. ಫಾರಂ ಓದಿದ್ರು, ನಮ್ಮಿಬ್ಬರನ್ನೂ ನೋಡಿದ್ರು. ಕಾಲಂ ಖಾಲಿ ಬಿಟ್ಟಿಲ್ಲವಲ್ಲ, ತಗೊಳ್ರೀ ಅಂತ ಹೇಳಿ ಒಳಗೆ ಹೋದ್ರು. ಠಪ್ಪಂತ ಸೀಲ್ ಬಿತ್ತು.

ನನ್ನ “ಗೊತ್ತಿಲ್ಲ” ಅನ್ನೋ ಮಾತಿಗೋಸ್ಕರ ಜಗಳಕ್ಕೆ ನಿಂತರು ಆ ಮನುಷ್ಯ! ಬಸ್ಸಿನಲ್ಲಿ ಇವತ್ತೂ ಸೀಟ್ ಸಿಗಲಿಲ್ಲ. ನಿಂತಿದ್ದು ಗೊತ್ತೇ ಆಗಲಿಲ್ಲ.

ಮೇ 2, ಶುಕ್ರವಾರ, ಮಧ್ಯಾಹ್ನ ಮೂರೂವರೆ

ಆಯ್ತು. ಮದುವೆ ಆಯ್ತು.

ಗಡಿಬಿಡೀಲಿ ಬರೀತಿದೀನಿ, ಮನೆ ತುಂಬಾ ಜನ. ಲ್ಯಾಬಿನವರು ಅರ್ಧ, ಅವರ ಲಿಫ್ಟ್ ಕಂಪನಿಯವರು ಅರ್ಧ. ಪಕ್ಕದ ಟೇಬಲಿನವಳು ಹೂಗುಚ್ಛ ತಂದಿದಾಳೆ. ಅತ್ತೆ ಸಾಕ್ಷಿ ಸಹಿ ಹಾಕಿ, ಆಮೇಲೆ ರಿಜಿಸ್ಟ್ರಾರ್ ಮೇಡಂಗೂ ಒಂದು ಪ್ರಾರ್ಥನೆ ಹೇಳಿ ಬಂದ್ರು. ಮಂಡಿ ಸ್ವಲ್ಪ ವಾಸಿ ಅಂತ ಇವರು ಒಪ್ಕೊಂಡಿದಾರೆ. ಮುಲಾಮಿನಿಂದ ಅಂತಾರೆ. ಇರಬಹುದು.

ರಿಜಿಸ್ಟರ್ ದೊಡ್ಡ ಪುಸ್ತಕ. ಒಂದರ ಕೆಳಗೊಂದು ಎರಡು ಸಾಲು, ಫಾರಂ ಹಾಗೇ. ಕೊನೇ ಕಾಲಂ: ಈ ಮದುವೆಗೆ ನಿಮ್ಮ ಸ್ವಂತ ಒಪ್ಪಿಗೆ ಇದೆಯೇ? ಅವರು ಬರೆದ್ರು, ಮುತ್ತಿನಂಥ ಅಕ್ಷರದಲ್ಲಿ, “ಹೌದು”. ಪೆನ್ನು ನನಗೆ ಕೊಟ್ಟರು, ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಕಡೆ ತಿರುಗಿದ್ರು. ಆ ಅಗಲವಾದ ಬೆನ್ನು ನೋಡಿದೆ. ಕತ್ತಿನ ಹತ್ರ ಇಸ್ತ್ರಿ ಸರಿಯಾಗಿ ಕೂತಿರಲಿಲ್ಲ.

ಅವರ “ಹೌದು” ಕೆಳಗೆ ಎರಡು ಗೀಟು ಹಾಕಿದೆ.

ಇಪ್ಪತ್ತೆಂಟು ವರ್ಷದಲ್ಲಿ ಮೊದಲನೇ ಸಲ. ಬೇರೆ ಯಾರೋ ಹಾಕಿದ್ದಲ್ಲ, ನಾನೇ. ಗುಮಾಸ್ತ ಬಗ್ಗಿ ನೋಡಿ, ಮೇಡಂ ಇಲ್ಲಿ ಡಿಟ್ಟೋ ನಡೆಯಲ್ಲ, ಪೂರ್ತಿ ಬರೀಬೇಕು ಅಂದ. ಗೊತ್ತಪ್ಪಾ ಅಂದೆ. ಪಕ್ಕದಲ್ಲೇ “ಹೌದು” ಅಂತ ಬರೆದೆ. ಗೀಟು ಹೊಡೆದುಹಾಕಲಿಲ್ಲ. ಡಿಟ್ಟೋ ಅನ್ನೋ ಮಾತು ಕೇಳಿ ಇವರು ತಿರುಗಿದ್ರು, ಪುಸ್ತಕ ನೋಡಿದ್ರು. ಕಣ್ಣು ತುಂಬಿ ಬಂತು. ಏನಾಯ್ತು ಅಂತ ಕೇಳಿದೆ. ಏನೂ ಇಲ್ಲ ಅಂದ್ರು. ಏನೂ ಇಲ್ಲವೋ, ಪತ್ತೆಯಾಗಿಲ್ಲವೋ ಅಂದೆ. ಅತ್ತೆ ಮಧ್ಯೆ ಬಂದು ಇಬ್ಬರಿಗೂ ಒಂದೇ ಕರ್ಚೀಫ್ ಕೊಟ್ಟರು.

ಈಗ ಅಡುಗೆಮನೇಲಿ ಅವರೇ ಕಾಫಿ ಮಾಡ್ತಿದಾರೆ. ಅಲ್ಲಿಂದ ಕೂಗ್ತಿದಾರೆ, ನಿಮಗೆ ಸಕ್ಕರೆ ಬೇಕಾ ಬೇಡ್ವಾ ಅಂತ. ಒಂದು ವರ್ಷದಿಂದ ಗೊತ್ತಿದೆ ಅವರಿಗೆ, ಆದ್ರೂ ದಿನಾ ಕೇಳ್ತಾರೆ. ಬೇಡ ಅನ್ನೋಕೆ ಬಾಯಿ ತೆಗೆದೆ. ಇವತ್ತು ಯಾಕೋ, ಒಂದು ಚಮಚ ಹಾಕಿ ನೋಡೋಣ ಅನ್ನಿಸ್ತಿದೆ.